ಮೊದಲ ತುತ್ತು ಹೆಡ್‌ಮಾಸ್ಟರದು

ಶಾಲೆ ಶುರುವಾದ ವಾರವೇ ನನ್ನ ಮಾತ್ರೆಯೂ ಶುರುವಾಯಿತು. ಶಾಲೆಯನ್ನು ಮುಂದಕ್ಕೆ ಹಾಕುವುದು ನನ್ನ ಕೈಯಲ್ಲಿರಲಿಲ್ಲ. ಮಾತ್ರೆಯನ್ನಾದರೂ ದಸರಾ ರಜೆಯಲ್ಲಿ ಶುರು ಮಾಡೋಣವೇ ಎಂದು ಡಾಕ್ಟರನ್ನು ಕೇಳಿದೆ. ಅವರು ನನ್ನ ಬಲಗೈ ಹಿಡಿದು ಮಣಿಕಟ್ಟನ್ನು ಆ ಕಡೆ ಈ ಕಡೆ ತಿರುಗಿಸುತ್ತಾ, ದಸರಾವರೆಗೆ ಕಾಯುತ್ತೀಯಾ ಅಂತ ನಿಮ್ಮ ಕೈಯನ್ನೇ ಕೇಳಿ ಎಂದರು. ಕೈ ಕಾಯುವ ಸ್ಥಿತಿಯಲ್ಲಿ ಇರಲಿಲ್ಲ. ಮೇಜಿನ ಮೇಲೆ ಇಟ್ಟರೆ ಹೆಬ್ಬೆರಳು ತೋರುಬೆರಳು ಸೇರಿಕೊಂಡು ತಂಬಾಕು ತಿಕ್ಕುತ್ತಿದ್ದವು. ನಾನು ಜನ್ಮದಲ್ಲಿ ತಂಬಾಕು ಮುಟ್ಟಿದವನಲ್ಲ.

ಅವರು ವಾರಕ್ಕೊಮ್ಮೆ ಬೆಂಗಳೂರಿನಿಂದ ಕೋಲಾರಕ್ಕೆ ಬಂದು ಹೋಗುವ ನರರೋಗದ ಡಾಕ್ಟರು. ನನ್ನನ್ನು ನಡೆಸಿದರು, ತಿರುಗಿಸಿದರು, ಒಂದು ಸಾಲು ಬರೆಸಿದರು. ನಾನು ಬರೆದ ಸಾಲು ಕಡಲೆಕಾಯಿ ಗಾತ್ರದಲ್ಲಿ ಶುರುವಾಗಿ ಸಾಸಿವೆ ಗಾತ್ರದಲ್ಲಿ ಮುಗಿಯಿತು. ಲಕ್ಷಣವೆಲ್ಲ ಪಾರ್ಕಿನ್ಸನ್ ಕಾಯಿಲೆಯದ್ದೇ, ಆದರೆ ಮಾತ್ರೆಗೆ ಕೈ ಎಷ್ಟರಮಟ್ಟಿಗೆ ಬಗ್ಗುತ್ತದೆ ಎಂದು ನೋಡಿಯೇ ಖಚಿತವಾಗಿ ಹೇಳಬೇಕು ಎಂದರು. ಮೊದಮೊದಲು ಹೊಟ್ಟೆ ತೊಳಸಬಹುದು, ಸ್ವಲ್ಪ ಸ್ವಲ್ಪವಾಗಿ ಏರಿಸೋಣ, ಆಮೇಲೆ ಒಗ್ಗಿಹೋಗುತ್ತದೆ ಎಂದೂ ಹೇಳಿದರು. ಹೊರಗೆ ಜನ ಬಾಗಿಲಿಗೆ ಒರಗಿ ನಿಂತಿದ್ದರು. ನಾನು ಹೆಚ್ಚು ಕೇಳಲಿಲ್ಲ. ಮನೆಯಲ್ಲಿ ಹೆಂಡತಿಗೆ, ನರದ ದೌರ್ಬಲ್ಯವಂತೆ, ಮಾತ್ರೆ ತೆಗೆದುಕೊಂಡರೆ ಸರಿಹೋಗುತ್ತದಂತೆ ಎಂದೆ. ಅವಳು ಆ ಕ್ಷಣವೇ ಕುರುಡುಮಲೆ ಗಣೇಶನಿಗೆ ಹರಕೆ ಹೊತ್ತುಕೊಂಡಳು.

ನನ್ನ ಶಾಲೆ ಹೋಳೂರಿನ ಆಚೆ, ಕೋಲಾರದ ಮನೆಯಿಂದ ಶ್ರೀನಿವಾಸಪುರದ ಬಸ್ಸಿನಲ್ಲಿ ಹೋಗಿ ಇಳಿದು ಮಾವಿನ ತೋಪಿನ ಪಕ್ಕದ ಮಣ್ಣು ರಸ್ತೆಯಲ್ಲಿ ನಡೆದರೆ ಸಿಗುವ ಊರಿನಲ್ಲಿ. ಅಲ್ಲಿ ನಾನು ಹೆಡ್‌ಮಾಸ್ಟರು. ಏಳನೇ ತರಗತಿಯವರೆಗಿನ ಶಾಲೆ. ಪಾಠ, ಮೇಲಿನವರಿಗೆ ಕಳಿಸುವ ಮಾಹಿತಿ, ಬಿಸಿಯೂಟ ಎಲ್ಲ ಒಂದೇ ತಲೆಯ ಮೇಲೆ. ಮಕ್ಕಳಿಗೆ ಬಡಿಸುವ ಮೊದಲು ಮೇಷ್ಟ್ರು ರುಚಿ ನೋಡಬೇಕು ಎಂಬುದು ಎಲ್ಲ ಶಾಲೆಗಳಿಗೂ ಇರುವ ನಿಯಮ. ಬಹಳಷ್ಟು ಕಡೆ ಒಂದು ಲೋಟದಲ್ಲಿ ಸಾರು ಆಫೀಸು ಕೋಣೆಗೆ ಬರುತ್ತದೆ, ಒಂದು ಗುಟುಕು, ಒಂದು ಸಹಿ, ಮುಗಿಯಿತು. ನಮ್ಮ ಶಾಲೆಯಲ್ಲಿ ಹಾಗಲ್ಲ. ನನಗಿಂತ ಹಿಂದೆ ಇದ್ದವರು ಯಾರೋ ಒಬ್ಬರು ಅದನ್ನು ಒಂದು ಪದ್ಧತಿ ಮಾಡಿ ಹೋಗಿದ್ದರು. ಜಗಲಿಯ ಮೇಲೆ ಮಕ್ಕಳು ಸಾಲಾಗಿ ಕೂತು, ತಟ್ಟೆಗೆ ಅನ್ನ ಸಾರು ಬಿದ್ದಮೇಲೂ ಕೈಕಟ್ಟಿಕೊಂಡು ಇರಬೇಕು. ಹೆಡ್‌ಮಾಸ್ಟರು ಮೊದಲ ಸಾಲಿನ ತುದಿಯಲ್ಲಿ ಕೂತು ಮೊದಲ ತುತ್ತು ನುಂಗಿ, "ಊಟ ಮಾಡಿ" ಎನ್ನಬೇಕು. ಆಮೇಲಷ್ಟೇ ಮಕ್ಕಳು ತಟ್ಟೆಗೆ ಕೈ ಹಾಕಬೇಕು. ನಾನು ಬಂದಾಗಿನಿಂದ ಅದನ್ನು ನಡೆಸಿಕೊಂಡು ಬಂದಿದ್ದೆ. ಸುಳ್ಳೇಕೆ, ನನಗೆ ಅದು ಇಷ್ಟವೂ ಆಗಿತ್ತು. ಅಷ್ಟು ಜೊತೆ ಕಣ್ಣುಗಳು ನನ್ನ ಗಂಟಲನ್ನೇ ನೋಡುವಾಗ ನಾನೊಬ್ಬ ದೊಡ್ಡ ಮನುಷ್ಯ ಅನ್ನಿಸುತ್ತಿತ್ತು.

ಅಡುಗೆ ಮಾಡುತ್ತಿದ್ದವರು ಅದೇ ಊರಿನ ಹೆಂಗಸು. ನಾವೆಲ್ಲ ಅಡುಗೆಯಮ್ಮ ಎನ್ನುತ್ತಿದ್ದೆವು. ಮನೆಮಾತು ತೆಲುಗು, ನಮ್ಮೊಂದಿಗೆ ಕನ್ನಡ, ಕೋಪ ಬಂದರೆ ಎರಡೂ. ಸಾರಿನಲ್ಲಿ ಇರುವ ಖಾರಕ್ಕಿಂತ ಬಾಯಲ್ಲಿ ಒಂದು ಹಿಡಿ ಹೆಚ್ಚು. ಆ ಕೆಲಸದ ಮೇಲೆ ಊರಿನಲ್ಲಿ ಬೇರೆಯವರ ಕಣ್ಣೂ ಇತ್ತು. ಶಾಲಾ ಸಮಿತಿಯ ಅಧ್ಯಕ್ಷರ ತಮ್ಮನ ಹೆಂಡತಿಗೇ ಅದು ಬೇಕಿತ್ತು. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಅಡುಗೆಯಮ್ಮ ಒಂದೇ ಒಂದು ತಪ್ಪು ಮಾಡಲಿ ಎಂದು ಕಾಯುವವರಿದ್ದರು. ಆಕೆ ಅಕ್ಕಿಯನ್ನು ಮೂರು ಸಲ ಆರಿಸುತ್ತಿದ್ದುದು, ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ ನೋಡುತ್ತಿದ್ದುದು ಶುಚಿಯ ಮೇಲಿನ ಪ್ರೀತಿಯಿಂದ ಮಾತ್ರವಲ್ಲ, ಭಯದಿಂದಲೂ.

ಇನ್ನು ವಾಕರಿಕೆಯ ವಿಚಾರ. ಇದನ್ನು ಅನುಭವಿಸದವರಿಗೆ ಹೇಳುವುದು ಕಷ್ಟ. ಅಜೀರ್ಣದ ವಾಕರಿಕೆ ಹೊಟ್ಟೆಯಿಂದ ಬರುತ್ತದೆ, ಕಾರಿಕೊಂಡರೆ ಹೋಗುತ್ತದೆ. ಇದು ಹೊಟ್ಟೆಯದ್ದಲ್ಲ. ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ ಮೊದಲು ಆಕಳಿಕೆ, ಆಮೇಲೆ ದವಡೆಯ ಮೂಲೆಯಲ್ಲಿ ನೀರೂರುವುದು, ಹಣೆಯ ಮೇಲೆ ತಣ್ಣನೆ ಬೆವರು. ಕಾರಿಕೊಂಡರೂ ಹೋಗುವುದಿಲ್ಲ, ಕಾರಿಕೊಳ್ಳಲು ಏನೂ ಇಲ್ಲದಿದ್ದರೂ ಬಿಡುವುದಿಲ್ಲ. ಮೂಗಿಗಂತೂ ನಾಯಿಯ ಶಕ್ತಿ ಬಂದಿತ್ತು. ಬಸ್ಸಿನಲ್ಲಿ ಹಿಂದೆ ಯಾರೋ ಟೊಮೆಟೊ ಕ್ರೇಟ್ ಇಟ್ಟಿದ್ದಾರೆ, ಅದರಲ್ಲಿ ಒಂದು ಕೊಳೆತಿದೆ ಎಂಬುದು ಡ್ರೈವರ್ ಪಕ್ಕ ಕೂತ ನನಗೆ ತಿಳಿಯುತ್ತಿತ್ತು.

ಶಾಲೆಯಲ್ಲಿ ವಾಸನೆಗೇನು ಬರ. ಬೆಳಿಗ್ಗೆ ಹಾಲಿನ ಪುಡಿ ಕಲಸಿ ಕಾಯಿಸುವ ವಾಸನೆ. ಅದರ ಬೆನ್ನಿಗೇ ಬೇಳೆ ಬೇಯುವ ವಾಸನೆ, ಒಗ್ಗರಣೆಗೆ ಬಿದ್ದ ಬೆಳ್ಳುಳ್ಳಿ. ಮೊಟ್ಟೆಯ ದಿನಗಳಂತೂ ದೇವರಿಗೇ ಪ್ರೀತಿ. ಆಫೀಸು ಕೋಣೆಗೂ ಅಡುಗೆ ಕೋಣೆಗೂ ನಡುವೆ ಒಂದೇ ಗೋಡೆ. ಬೆಂದ ಮೊಟ್ಟೆಗಳನ್ನು ತಣ್ಣೀರಿಗೆ ಸುರಿಯುವ ಸದ್ದು ಕೇಳಿದ ತಕ್ಷಣ ನಾನು ಏನಾದರೂ ನೆಪ ಹೇಳಿ ಆಟದ ಮೈದಾನದ ಆಚೆ ತುದಿಗೆ ಹೊರಟುಬಿಡುತ್ತಿದ್ದೆ. ಹೆಡ್‌ಮಾಸ್ಟರಿಗೆ ಈಚೆಗೆ ಗಿಡಮರಗಳ ಮೇಲೆ ಪ್ರೀತಿ ಬಂದಿದೆ ಎಂದು ಮಕ್ಕಳು ತಿಳಿದುಕೊಂಡಿರಬೇಕು.

ಕೈಲಾದ ಉಪಾಯಗಳನ್ನೆಲ್ಲ ಮಾಡಿದೆ. ಕರ್ಚೀಫಿನಲ್ಲಿ ನಿಂಬೆಹಣ್ಣಿನ ಸಿಪ್ಪೆ ಇಟ್ಟುಕೊಂಡು ಮೂಸಿದೆ. ಒಣಶುಂಠಿಯ ಚೂರನ್ನು ದವಡೆಯಲ್ಲಿ ಇಟ್ಟುಕೊಂಡೇ ಭಿನ್ನರಾಶಿ ಕಲಿಸಿದೆ. ಬೆಳಗಿನ ಪ್ರಾರ್ಥನೆಯಲ್ಲಿ ನಿಂತಿರುವಾಗ ದೂರದ ಒಂದು ಟೆಲಿಫೋನ್ ಕಂಬವನ್ನು ದಿಟ್ಟಿಸಿ ನೋಡುತ್ತಾ ಮೂಗಿನಲ್ಲಿ ನಿಧಾನವಾಗಿ ಉಸಿರು ಎಳೆದುಕೊಳ್ಳುತ್ತಿದ್ದೆ. ಮಧ್ಯಾಹ್ನದ ಮೊದಲ ತುತ್ತನ್ನು ಅಳತೆ ಮಾಡಿದಂತೆ ಚಿಕ್ಕದು ಮಾಡಿ, ನಾಲಿಗೆಗೆ ತಾಗದಂತೆ ಹಿಂದಕ್ಕೆ ತಳ್ಳಿ, ನೀರಿನ ಜೊತೆ ನುಂಗಿ, "ಊಟ ಮಾಡಿ" ಎಂದು ಹೇಳಿ ಎದ್ದುಬಿಡುತ್ತಿದ್ದೆ. ಅಡುಗೆಯಮ್ಮ ಸೌಟು ಹಿಡಿದು ನಿಂತು ನೋಡುತ್ತಿದ್ದರು. ನನ್ನ ಅಡುಗೆ ಸಾರ್‌ಗೆ ಸೇರುತ್ತಿಲ್ಲ ಎಂದು ನಮ್ಮ ಸಹಶಿಕ್ಷಕಿಯ ಹತ್ತಿರ ಹೇಳಿಕೊಂಡರಂತೆ. ಮಾರನೆಯ ದಿನ ಸಾರಿಗೆ ಹುಳಿ ಖಾರ ಇನ್ನಷ್ಟು ಜೋರಾಯಿತು. ನನ್ನನ್ನು ಒಲಿಸಿಕೊಳ್ಳಲು ಹಾಕಿದ ಒಗ್ಗರಣೆ ನನ್ನನ್ನೇ ಕೊಲ್ಲುತ್ತಿತ್ತು.

ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಕಡೆ ಬೆಳಿಗ್ಗೆ ಹೊತ್ತು ಕೈ ನಡುಗುವ, ಗೋಡೆ ಮರೆಗೆ ಹೋಗಿ ವಾಂತಿ ಮಾಡುವ ಗಂಡಸಿಗೆ ಏನಾಗಿದೆ ಎಂದು ತಿಳಿಯಲು ಯಾರಿಗೂ ಡಾಕ್ಟರು ಬೇಕಿಲ್ಲ, ಕುಡಿತ ಎಂದುಬಿಡುತ್ತಾರೆ. ಊರ ಬಾಯಿಗೆ ಮುಚ್ಚಳ ಹಾಕಲಾಗುತ್ತದೆಯೇ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಪಾಪ, ಮೇಷ್ಟ್ರಿಗೆ ಆಗುವುದಿಲ್ಲ ಎಂದು ಒಮ್ಮೆ ಯಾರಾದರೂ ಹೇಳಿದರೆ ಮುಗಿಯಿತು. ಆಮೇಲೆ ಬೋರ್ಡಿನ ಮುಂದೆ ನಿಂತಾಗ ಮಕ್ಕಳು ಲೆಕ್ಕ ನೋಡುವುದಿಲ್ಲ, ಕೈ ನೋಡುತ್ತಾರೆ. ಅದಕ್ಕೇ ಬಲಗೈ ಸದಾ ಪ್ಯಾಂಟಿನ ಜೇಬಿನಲ್ಲಿ.

ತಡೆಯಲಾಗದೆ ಒಂದು ಸಂಜೆ ಕೋಲಾರದ ಬಸ್ ನಿಲ್ದಾಣದ ಹತ್ತಿರದ ಮೆಡಿಕಲ್ ಅಂಗಡಿಯಲ್ಲಿ ವಾಂತಿ ನಿಲ್ಲುವ ಮಾತ್ರೆ ಕೇಳಿದೆ. ಯಾರಿಗೆ, ಯಾಕೆ ಎಂದು ಆತ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಲ್ಲರೂ ತೆಗೆದುಕೊಳ್ಳುವ ಸಾಮಾನ್ಯ ಮಾತ್ರೆ. ವಾಕರಿಕೆ ನಿಜವಾಗಿಯೂ ಕಡಿಮೆಯಾಯಿತು. ಆ ವಾರ ನಾನು ಅಡುಗೆಯಮ್ಮನ ಮುಂದೆ ಎರಡು ತುತ್ತು ಹೆಚ್ಚಿಗೆ ಉಂಡೆ, ಆಕೆಯ ಮುಖ ಅರಳಿತು.

ಆದರೆ ಮೈ ಗಟ್ಟಿಯಾಗತೊಡಗಿತು. ಕುರ್ಚಿಯಿಂದ ಏಳಬೇಕೆಂದರೆ ಎರಡು ಸಲ ತೂಗಿಕೊಂಡು ಏಳಬೇಕು. ಬಸ್ಸಿನ ಮೆಟ್ಟಿಲ ಹತ್ತಿರ ಕಾಲು ನೆಲಕ್ಕೆ ಅಂಟಿಕೊಂಡು ನಿಂತುಬಿಡುತ್ತಿತ್ತು, ಹಿಂದಿನವರು ಸೊಂಟಕ್ಕೆ ಕೈಕೊಟ್ಟು ಹತ್ತಿಸುತ್ತಿದ್ದರು. ಬೋರ್ಡಿನ ಮೇಲೆ ಬರೆದದ್ದು ಎರಡನೆಯ ಬೆಂಚಿಗೇ ಕಾಣುತ್ತಿರಲಿಲ್ಲ. ಕಾಯಿಲೆ ಓಡಿಕೊಂಡು ಬರುತ್ತಿದೆ, ಮಾತ್ರೆ ಪ್ರಯೋಜನವಿಲ್ಲ ಎಂದುಕೊಂಡೆ. ಹೊಟ್ಟೆಗೆ ಅನ್ನ ಬಿದ್ದರೆ ಮಾತ್ರೆ ಒಗ್ಗುತ್ತದೆ, ಮಾತ್ರೆ ಬಿಟ್ಟರೆ ಅನ್ನ ಹೊಟ್ಟೆಗೆ ಬೀಳುತ್ತದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಸ್ಥಿತಿ. ಯಾವ ಕಡೆಯಿಂದ ಬಿಡಿಸುವುದಕ್ಕೂ ಶಕ್ತಿ ಉಳಿದಿರಲಿಲ್ಲ. ಎಲ್ಲವನ್ನೂ ನಿಲ್ಲಿಸಿಬಿಡುತ್ತೇನೆ ಎಂದು ತೀರ್ಮಾನಿಸಿಯೇ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ನಡೆದದ್ದನ್ನೆಲ್ಲ ಕೇಳಿ, ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದರು. ಜೇಬಿನಿಂದ ಆ ಮಾತ್ರೆಯ ಪಟ್ಟಿ ತೆಗೆದು ತೋರಿಸಿದೆ. ಅವರು ಅದನ್ನು ತೆಗೆದುಕೊಂಡು ತಮ್ಮ ಮೇಜಿನ ಖಾನೆಗೆ ಹಾಕಿಬಿಟ್ಟರು, ವಾಪಸ್ಸು ಕೊಡಲೇ ಇಲ್ಲ.

"ನಾನು ಒಂದು ಕಡೆಯಿಂದ ಕೊಡ್ತಿದ್ದೀನಿ, ಇದು ಇನ್ನೊಂದು ಕಡೆಯಿಂದ ಕಿತ್ಕೊಳ್ತಿದೆ ಸಾರ್. ನಿಮ್ಮ ಕಾಯಿಲೆ ಇರೋರು ಇದನ್ನ ಮುಟ್ಟಲೇಬಾರದು. ನಾನೇ ಮೊದಲು ಹೇಳಬೇಕಿತ್ತು, ಹೇಳಲಿಲ್ಲ."

ವಾಂತಿಗೆ ಬೇರೊಂದು ಮಾತ್ರೆ ಬರೆದುಕೊಟ್ಟರು, ಊಟಕ್ಕೆ ಮುಂಚೆ ತೆಗೆದುಕೊಳ್ಳುವುದು, ಅದೂ ಕೆಲವು ದಿನಕ್ಕಷ್ಟೇ. ನಡುಕದ ಮಾತ್ರೆಯನ್ನು ಮತ್ತೆ ಅರ್ಧಕ್ಕೆ ಇಳಿಸಿದರು. ಒಣ ತಿಂಡಿ ಏನಾದರೂ ತಿಂದು, ಆಮೇಲೆ ಮಾತ್ರೆ, ತುಂಬ ನೀರು. ಹಾಲು, ಬೇಳೆ, ಮೊಟ್ಟೆ ಮಾತ್ರೆಯ ಜೊತೆ ಬೇಡ, ನಡುವೆ ಬಿಡುವಿರಲಿ. ಬಸ್ಸಿನಲ್ಲಿ ಹೋಗುವ ಮುಂಚೆ ಬೇಡ, ಶಾಲೆಗೆ ತಲುಪಿಯೇ ತಿಂಡಿ ತಿಂದು ತೆಗೆದುಕೊಳ್ಳಿ ಎಂದರು. ಎದ್ದು ಬಾಗಿಲ ತನಕ ಬಂದವನು ತಿರುಗಿ, ಇದು ಪೂರ್ತಿ ವಾಸಿಯಾಗುತ್ತದೆಯೇ ಎಂದು ಕೇಳಿದೆ. ಆಗುವುದಿಲ್ಲ, ಆದರೆ ಬಹಳ ವರ್ಷ ಕೆಲಸ ಮಾಡಿಕೊಂಡು ಇರಬಹುದು ಎಂದರು. ಆ ಮಾತಿನ ಎರಡನೆಯ ಅರ್ಧವನ್ನು ಮಾತ್ರ ಮನೆಗೆ ತೆಗೆದುಕೊಂಡು ಹೋದೆ.

ಆಮೇಲೆ ಕೆಲಸ ಒಂದು ಹದಕ್ಕೆ ಬಂತು. ಶಾಲೆಗೆ ಬಂದು, ಬೀಗ ತೆಗೆದು, ಪ್ರಾರ್ಥನೆಗೆ ಮುಂಚೆ ಆಫೀಸಿನಲ್ಲಿ ಕೂತು ಅಕ್ಕಿರೊಟ್ಟಿಯ ಎರಡು ಚೂರು, ಆಮೇಲೆ ಅರ್ಧ ಮಾತ್ರೆ. ಮಧ್ಯಾಹ್ನದ್ದು ಎಲ್ಲರ ಊಟವಾಗಿ ತಟ್ಟೆ ತೊಳೆದ ಮೇಲೆ, ಬೇಳೆ ಸ್ವಲ್ಪ ಇಳಿಯಲಿ ಎಂದು ಬಿಟ್ಟು, ರಸ್ಕಿನ ಜೊತೆ. ವಾಕರಿಕೆ ಹೋಗಲಿಲ್ಲ. ಆದರೆ ಕಟ್ಟಿಹಾಕಿದ ನಾಯಿಯಂತೆ ಒಂದು ಹಗ್ಗದಳತೆಯಲ್ಲಿ ಬೊಗಳಿಕೊಂಡಿತ್ತು. ಒಂದು ದಿನ ಬೋರ್ಡಿನ ಮೇಲೆ ಬರೆದ ಸಾಲು ಕೊನೆಯವರೆಗೂ ಒಂದೇ ಗಾತ್ರದಲ್ಲಿ ಉಳಿಯಿತು. ಕೊನೆಯ ಬೆಂಚಿನ ಹುಡುಗಿ ಪಕ್ಕದವಳ ಪುಸ್ತಕ ಇಣುಕದೆ ನೇರವಾಗಿ ಬರೆದುಕೊಂಡಳು. ನಾನು ಸೀಮೆಸುಣ್ಣ ಕೆಳಗಿಟ್ಟು ಕಿಟಕಿಯ ಕಡೆ ತಿರುಗಿ ಒಂದು ನಿಮಿಷ ನಿಂತೆ. ಅಷ್ಟು ಸಂತೋಷವಾಯಿತು.

ಹೀಗೆ ಸ್ವಲ್ಪ ಧೈರ್ಯ ಬಂದಿದ್ದ ಹೊತ್ತಿಗೇ ಆ ದಿನ ಬಂತು.

ಬಸ್ಸು ಹೋಳೂರು ದಾಟಿ ಕೆಟ್ಟು ನಿಂತಿತು. ಇನ್ನೊಂದು ಬರುವವರೆಗೆ ಬಿಸಿಲಿನಲ್ಲಿ ಕಾದು ಶಾಲೆ ಸೇರುವಾಗ ಪ್ರಾರ್ಥನೆ ಮುಗಿದಿತ್ತು. ಕಾಲಿಡುತ್ತಿದ್ದಂತೆ ಮೇಲಿನ ಕಚೇರಿಯಿಂದ ಫೋನು, ಯಾವುದೋ ಮಾಹಿತಿ ಆಗಲೇ ಬೇಕಂತೆ. ಅದರ ನಡುವೆ ಒಂದನೇ ತರಗತಿಯ ಮಗುವೊಂದು ಬಿದ್ದು ಮೊಣಕಾಲು ತರಚಿಕೊಂಡಿತು. ತಿಂಡಿ ಡಬ್ಬಿ ಚೀಲದಲ್ಲೇ ಉಳಿಯಿತು. ಕೈ ಬಿಗಿಯುತ್ತಿದೆ ಎಂದು ಗೊತ್ತಾದಾಗ ಅಡುಗೆಯಮ್ಮ ಆಗಲೇ ಅನ್ನದ ಪಾತ್ರೆ ಇಳಿಸುತ್ತಿದ್ದರು. ಆ ಬಿಗಿದ ಕೈಯಲ್ಲಿ ಮಕ್ಕಳೆದುರು ಉಣ್ಣಬೇಕಲ್ಲ ಎಂಬ ಗಾಬರಿಯಲ್ಲಿ, ಖಾಲಿ ಹೊಟ್ಟೆಗೆ ಅರ್ಧವಲ್ಲ, ಒಂದು ಇಡೀ ಮಾತ್ರೆ ನುಂಗಿದೆ. ಬೆಳಗಿನದು ಬಿಟ್ಟುಹೋಗಿದೆಯಲ್ಲ, ಸೇರಿಸಿ ತೆಗೆದುಕೊಂಡರಾಯಿತು ಎಂಬ ಮೇಷ್ಟ್ರ ಲೆಕ್ಕ. ವಾಂತಿ ತಡೆಯುವ ಮಾತ್ರೆ ನೆನಪಿಗೇ ಬರಲಿಲ್ಲ. ಬಡಿಸುವುದು ಸ್ವಲ್ಪ ತಡವಾಯಿತು. ನಾನು ಸಾಲಿನ ತುದಿಗೆ ಹೋಗಿ ಕೂತಾಗ ಆಕಳಿಕೆ ಶುರುವಾಗಿತ್ತು.

ಅಂದು ನುಗ್ಗೆಸೊಪ್ಪಿನ ಸಾರು, ಹಬೆಯಾಡುತ್ತಿತ್ತು. ಮಕ್ಕಳು ಕೈಕಟ್ಟಿಕೊಂಡು ನನ್ನ ಗಂಟಲನ್ನು ನೋಡುತ್ತಿದ್ದರು. ತುತ್ತು ಬಾಯಿಗಿಟ್ಟೆ, ನುಂಗಿದೆ. "ಊಟ" ಎಂಬ ಮಾತು ಮಾತ್ರ ಹೊರಗೆ ಬಂತು. ಅದರ ಹಿಂದೆಯೇ ತುತ್ತೂ ಬಂತು. ಜಗಲಿಯ ಅಂಚಿಗೆ ಓಡುವುದಕ್ಕೂ ಆಗಲಿಲ್ಲ. ಅಂಗಿಯ ಮೇಲೆ, ತಟ್ಟೆಯ ಮೇಲೆ, ಎಲ್ಲರ ಕಣ್ಣ ಮುಂದೆ ಕಾರಿಕೊಂಡೆ.

ಯಾವುದೋ ಮಗು ಹಲ್ಲಿ ಎಂದಿತು. ಸಾರಿನಲ್ಲಿ ಹಲ್ಲಿ ಬಿದ್ದು ಆಸ್ಪತ್ರೆ ಸೇರಿದ ಸುದ್ದಿಗಳನ್ನು ಮಕ್ಕಳು ಮನೆಯಲ್ಲಿ ಕೇಳಿಯೇ ಇರುತ್ತಾರೆ. ಸಹಶಿಕ್ಷಕಿ ತಡಮಾಡದೆ, ಯಾರೂ ಮುಟ್ಟಬೇಡಿ, ತಟ್ಟೆ ಕೆಳಗಿಡಿ ಎಂದು ಎಲ್ಲರನ್ನೂ ಎಬ್ಬಿಸಿ ಮರದ ಕೆಳಗೆ ನಿಲ್ಲಿಸಿದರು. ಅವರು ಮಾಡಿದ್ದು ಸರಿಯೇ, ನಿಯಮ ಇರುವುದೇ ಹಾಗೆ. ಅನ್ನ ಮುಟ್ಟಿಯೂ ಇರದ ಒಬ್ಬ ಹುಡುಗ ನನ್ನನ್ನು ನೋಡಿಯೇ ವಾಂತಿ ಮಾಡಿದ. ಇನ್ನಿಬ್ಬರು ಹೊಟ್ಟೆ ಹಿಡಿದುಕೊಂಡರು. ನಾನು ಗೋಡೆಗೆ ಒರಗಿ ಕೂತು ಏನೂ ಆಗಿಲ್ಲ ಎನ್ನಲು ಬಾಯಿ ತೆರೆದರೆ ಮತ್ತೆ ಅದೇ. ನಮ್ಮ ಶಾಲೆಯಲ್ಲಿ ಗಂಟೆ ಹೊಡೆದರೆ ಊರಿಗೆ ಕೇಳುವುದಿಲ್ಲ, ಇದು ಕೇಳಿಬಿಟ್ಟಿತು.

ಬೈಕುಗಳು ಬಂದವು, ಹೊಲದಿಂದ ಹೆಂಗಸರು ಓಡಿಬಂದರು. ಒಬ್ಬೊಬ್ಬರೂ ತಮ್ಮ ತಮ್ಮ ಮಗುವನ್ನು ಅಪ್ಪಿಕೊಂಡು ಬಾಯಿ ತೆರೆಸಿ ನೋಡುತ್ತಿದ್ದರು. ಆ ತಾಯಂದಿರ ಮುಖ ನೋಡಿದಾಗ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅಧ್ಯಕ್ಷರೂ ಬಂದರು. ಜನ ಅಡುಗೆ ಕೋಣೆಯ ಬಾಗಿಲಿಗೆ ತಿರುಗಿದರು. ಅಲ್ಲಿ ಅಡುಗೆಯಮ್ಮ ಸಾರಿನ ಪಾತ್ರೆಗೆ ಅಡ್ಡವಾಗಿ ನಿಂತಿದ್ದರು. ಪಾತ್ರೆ ಚೆಲ್ಲಿ ಎಂದು ಒಬ್ಬರು, ಚೆಲ್ಲಬೇಡಿ ಪರೀಕ್ಷೆಗೆ ಕಳಿಸಬೇಕು ಎಂದು ಇನ್ನೊಬ್ಬರು. ಇವಳನ್ನು ಮೊದಲು ತೆಗೆಯಿರಿ ಎಂದು ಹಿಂದಿನಿಂದ ಒಂದು ಹೆಣ್ಣುದನಿ. ಅಡುಗೆಯಮ್ಮ ಒಂದು ತಟ್ಟೆ ತೆಗೆದುಕೊಂಡು ಅನ್ನ ಹಾಕಿ, ಸಾರು ಸುರಿದುಕೊಂಡು, ನಿಂತೇ ಗಬಗಬನೆ ತಿನ್ನತೊಡಗಿದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಕೈ ನಿಲ್ಲಲಿಲ್ಲ. ಅವಳು ತಿಂದರೇನು, ಮೇಷ್ಟ್ರು ಸುಮ್ಮನೆ ಕಾರಿಕೊಂಡರಾ ಎಂದು ಜನ ಅದನ್ನೂ ಒಪ್ಪಲಿಲ್ಲ.

ಅಧ್ಯಕ್ಷರು ನನ್ನ ತೋಳು ಹಿಡಿದು ಆಫೀಸು ಕೋಣೆಗೆ ಕರೆದುಕೊಂಡು ಹೋದರು. ನೀರು ಕೊಟ್ಟರು, ಬಾಗಿಲು ಮುಂದೆ ಮಾಡಿದರು. ಕೆಟ್ಟ ಮನುಷ್ಯರಲ್ಲ, ಶಾಲೆಯ ಕಾಂಪೌಂಡಿಗೆ ಓಡಾಡಿದವರು. ಆದರೆ ಕೂತ ಕಡೆಯಿಂದಲೇ ತಮ್ಮ ಲಾಭ ಕಾಣುವ ಕಣ್ಣು.

"ಸಾರ್, ನಿಮ್ಮದೇನೂ ಬರಲ್ಲ ಇದ್ರಲ್ಲಿ," ಎಂದರು ದನಿ ತಗ್ಗಿಸಿ. "ಈಚೆಗೆ ನಿಮ್ಮ ಬಗ್ಗೆ ಊರಲ್ಲಿ ಒಂದು ಮಾತಿದೆ, ನಾನು ನಂಬಲ್ಲ ಬಿಡಿ. ಸಾರಲ್ಲಿ ಏನೋ ಬಿದ್ದಿತ್ತು, ರುಚಿ ನೋಡಿದ ಕೂಡ್ಲೇ ಗೊತ್ತಾಯ್ತು ಅಂತ ಹೇಳ್ಬಿಡಿ. ಮಕ್ಕಳನ್ನ ಉಳಿಸಿದ್ರು ಅಂತ ನಿಮಗೇ ಒಳ್ಳೆ ಹೆಸರು. ಅಡುಗೆಗೆ ಬೇರೆಯವರನ್ನ ನಾನು ನೋಡ್ಕೋತೀನಿ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದರೆ ಇದೇ. ಊರಿನಲ್ಲಿ ಯಾವ ಮಾತಿದೆ ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯ ಇರಲಿಲ್ಲ. ಪ್ರಾಮಾಣಿಕವಾಗಿ ಹೇಳುತ್ತೇನೆ, ನನ್ನ ಮೈಯೆಲ್ಲ ಆ ಮಾತಿನ ಕಡೆಗೆ ವಾಲಿತು. ಒಂದು ತಲೆ ಆಡಿಸಿದರೆ ಸಾಕಿತ್ತು. ಕೈ ಜೇಬಿನಲ್ಲೇ ಉಳಿಯುತ್ತಿತ್ತು, ಕಾಯಿಲೆ ನನ್ನೊಳಗೇ ಉಳಿಯುತ್ತಿತ್ತು, ನಾನು ಮಕ್ಕಳ ಪ್ರಾಣ ಉಳಿಸಿದವನಾಗುತ್ತಿದ್ದೆ. ಅಷ್ಟು ದಣಿದಿದ್ದೆ. ಗೋಡೆಯ ಆಚೆಯಿಂದ ತಟ್ಟೆಯ ಸದ್ದು ಕೇಳುತ್ತಿತ್ತು. ಅಡುಗೆಯಮ್ಮ ಇನ್ನೂ ತಿನ್ನುತ್ತಲೇ ಇದ್ದರು. ಎರಡನೆಯ ಸಲ ಬಡಿಸಿಕೊಂಡಿರಬೇಕು. ಆ ಸದ್ದು ನನಗೆ ಸಹಿಸಲಾಗಲಿಲ್ಲ. ಏನೂ ತಪ್ಪು ಮಾಡದ ಒಬ್ಬ ಹೆಂಗಸು ತನ್ನ ಅಡುಗೆಯನ್ನು ಶಿಕ್ಷೆಯಂತೆ ನುಂಗುತ್ತಿದ್ದಾರೆ, ನಾನು ಇಲ್ಲಿ ಕೂತು ನೀರು ಕುಡಿಯುತ್ತಿದ್ದೇನೆ.

ಚೀಲದಿಂದ ಮಾತ್ರೆಗಳ ಪೊಟ್ಟಣ ತೆಗೆದುಕೊಂಡು, ಏಳಲು ಎರಡು ಸಲ ತೂಗಿಕೊಂಡು ಎದ್ದು, ಹೊರಗೆ ಬಂದೆ. ಅಧ್ಯಕ್ಷರು ಹಿಂದಿನಿಂದ ಸಾರ್ ಸಾರ್ ಎನ್ನುತ್ತಿದ್ದರು. ಜಗಲಿಯ ಮೇಲೆ ನಿಂತು ಬಲಗೈಯನ್ನು ಜೇಬಿನಿಂದ ತೆಗೆದೆ. ಎತ್ತಿ ಹಿಡಿದೆ. ಮಾತ್ರೆ ಹೊಟ್ಟೆಯಲ್ಲಿ ನಿಂತಿರಲಿಲ್ಲವಲ್ಲ, ಕೈ ಚೆನ್ನಾಗಿಯೇ ನಡುಗಿತು.

"ಊಟದಲ್ಲಿ ಏನೂ ಬಿದ್ದಿಲ್ಲ. ಸಾರು ಚೆನ್ನಾಗಿದೆ. ಕಾಯಿಲೆ ನನಗೆ. ಈ ಕೈ ನಡುಗೋದಕ್ಕೆ ಮಾತ್ರೆ ತಗೋತಿದ್ದೀನಿ, ಆ ಮಾತ್ರೆಗೆ ವಾಂತಿ ಬರುತ್ತೆ. ಇವತ್ತು ಖಾಲಿ ಹೊಟ್ಟೆಗೆ ತಗೊಂಡೆ, ತಪ್ಪು ನನ್ನದು. ಅಡುಗೆಯಮ್ಮನದು ಏನೂ ಇಲ್ಲ."

ಜನ ಕೈ ನೋಡಿದರು, ಮಾತ್ರೆ ನೋಡಿದರು, ಮತ್ತೆ ಕೈ ನೋಡಿದರು. ಮುದುಕರೊಬ್ಬರು, ಅಯ್ಯೋ ನಾವು ಬೇರೇನೋ ಅಂದ್ಕೊಂಡಿದ್ವಿ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅದು ಎಲ್ಲರಿಗೂ ಕೇಳಿಸಿತು. ಆದರೂ ಹೆತ್ತವರ ಭಯ ಮಾತಿನಿಂದ ಹೋಗುವುದಿಲ್ಲ. ಒಬ್ಬ ತಾಯಿ ಮಗುವನ್ನು ಬಿಡದೆ, ನೀವು ಹೇಳ್ತೀರಿ ಸಾರ್, ನಾವು ಹೆಂಗೆ ನಂಬೋದು ಎಂದಳು. ನ್ಯಾಯವಾದ ಪ್ರಶ್ನೆ.

ಅದಕ್ಕೆ ಒಂದೇ ಉತ್ತರವಿತ್ತು. ತಿಂಡಿ ಡಬ್ಬಿ ತರಿಸಿ ಅಕ್ಕಿರೊಟ್ಟಿಯ ಒಂದು ಚೂರು ತಿಂದೆ. ವಾಂತಿ ತಡೆಯುವ ಮಾತ್ರೆ ನುಂಗಿದೆ. ಅದು ಇಳಿಯಲಿ ಎಂದು ಎಲ್ಲರ ಎದುರಿಗೇ ಕಾದು ಕೂತೆ. ಹೊಟ್ಟೆ ಹಿಡಿದುಕೊಂಡಿದ್ದ ಇಬ್ಬರು ಮಕ್ಕಳು ಬೇಜಾರಾಗಿ ಆಟ ಶುರು ಮಾಡಿದರು. ಆಮೇಲೆ ಅದೇ ಪಾತ್ರೆಯಿಂದ ಅದೇ ಸಾರು ಬಡಿಸಿ ಎಂದೆ. ಅಡುಗೆಯಮ್ಮ ಕದಲಲಿಲ್ಲ. ಸಹಶಿಕ್ಷಕಿ ಬಡಿಸಿದರು.

ಬೇಳೆ ನುಗ್ಗೆಸೊಪ್ಪಿನ ವಾಸನೆ ಮುಖಕ್ಕೆ ಹೊಡೆಯಿತು. ದವಡೆಯಲ್ಲಿ ನೀರೂರಿತು. ದೂರದ ಕಂಬವನ್ನು ನೋಡುತ್ತಾ, ಮೂಗಿನಲ್ಲಿ ಉಸಿರೆಳೆದು, ಒಂದು ತುತ್ತು. ಕೈ ನಡುಗಿ ಅರ್ಧ ಅನ್ನ ಮಡಿಲಿಗೆ ಬಿತ್ತು, ಉಳಿದ ಅರ್ಧ ಬಾಯಿಗೆ ಹೋಯಿತು. ಅಗಿದೆ. ಮೊದಲಿನಂತೆ ನಾಲಿಗೆಯಿಂದ ತಪ್ಪಿಸಲಿಲ್ಲ, ಚೆನ್ನಾಗಿ ಅಗಿದು ನುಂಗಿದೆ. ಮೇಲಕ್ಕೆ ಬಂತು, ತಡೆದೆ. ಇನ್ನೊಂದು. ಇನ್ನೊಂದು. ನನ್ನ ಜೀವಮಾನದಲ್ಲಿ ಅಷ್ಟು ನಿಧಾನವಾಗಿ, ಅಷ್ಟು ಕೊಳಕಾಗಿ, ಅಷ್ಟು ಜನರ ಮುಂದೆ ಉಂಡದ್ದಿಲ್ಲ. ತಟ್ಟೆ ಖಾಲಿಯಾಗುವವರೆಗೆ ಉಂಡೆ. ಖಾಲಿಯಾದ ಮೇಲೂ ಎಲ್ಲರೂ ಕಾಯುತ್ತಲೇ ಇದ್ದರು, ನಾನೂ ಕಾದೆ. ಒಳಗಿದ್ದದ್ದು ಒಳಗೇ ಇತ್ತು.

"ಊಟ ಮಾಡಿ," ಎಂದೆ.

ಮಕ್ಕಳು ತಾಯಂದಿರ ಮುಖ ನೋಡಿದರು. ಪ್ರಶ್ನೆ ಕೇಳಿದ್ದ ಆ ತಾಯಿಯೇ ಮೊದಲು ಮಗುವಿನ ಕೈ ಬಿಟ್ಟಳು.

ಆರೋಗ್ಯ ಕೇಂದ್ರದ ನರ್ಸ್ ಬಂದು ಮಕ್ಕಳನ್ನೆಲ್ಲ ನೋಡಿ, ಏನೂ ಇಲ್ಲ ಎಂದು ಹೇಳಿ ಹೋದರು. ಮೇಲಧಿಕಾರಿಗಳಿಗೆ ನಾನೇ ಫೋನು ಮಾಡಿ ನಡೆದದ್ದನ್ನು ಹೇಳಿದೆ. ಅವರು ಮೃದುವಾಗಿಯೇ ಮಾತಾಡಿದರು. ವೈದ್ಯಕೀಯ ಪ್ರಮಾಣಪತ್ರ ತನ್ನಿ, ಅಲ್ಲಿಯವರೆಗೆ ಊಟದ ಉಸ್ತುವಾರಿ ಮೇಡಂಗೆ ಕೊಡಿ, ನೀವು ಆರಾಮ ತೆಗೆದುಕೊಳ್ಳಿ ಎಂದರು. ಆರಾಮ ಎಂಬ ಮಾತು ಚುಚ್ಚಿತು. ನಾನು ಹೆದರಿದ್ದದ್ದು ಅದಕ್ಕೇ. ಮೊದಲ ತುತ್ತು ಅಂದಿನಿಂದ ನನ್ನದಲ್ಲ. ಕೊಡುತ್ತೇನೆ ಸಾರ್ ಎಂದು ಫೋನು ಇಟ್ಟೆ.

ಸಂಜೆ ಶಾಲೆ ಬಿಟ್ಟ ಮೇಲೆ ಅಡುಗೆ ಕೋಣೆಯ ಹಿಂದೆ ನಲ್ಲಿಯ ಹತ್ತಿರ ಅಡುಗೆಯಮ್ಮ ಸಾರಿನ ಪಾತ್ರೆ ಉಜ್ಜುತ್ತಿದ್ದರು. ನಾನು ಹೋಗಿ ನಿಂತೆ. ತಲೆ ಎತ್ತದೆಯೇ ಆಕೆ, ಎಂತ ಪನಿ ಚೇಸ್ತಿರಿ ಸಾರ್ ಎಂದರು, ಎಂಥ ಕೆಲಸ ಮಾಡಿದಿರಿ ಎಂದು. ಬೈಗುಳವೋ ಮರುಕವೋ ಗೊತ್ತಾಗಲಿಲ್ಲ, ಎರಡೂ ಇದ್ದಿರಬೇಕು. ಆಮೇಲೆ ಕನ್ನಡದಲ್ಲಿ, ಖಾರ ಜಾಸ್ತಿ ಆಗ್ತಿದೆ ಅಂತ ಒಂದು ಮಾತು ಹೇಳಿದ್ದರೆ ನಿಮ್ಮ ಪಾಲಿಗೆ ಸಪ್ಪೆ ತೆಗೆದಿಡುತ್ತಿರಲಿಲ್ಲವೇ ಎಂದು ರೇಗಿದರು. ಪಾತ್ರೆಯನ್ನು ಬೋರಲು ಹಾಕಿ, ಕೈ ತೊಳೆದುಕೊಂಡು, ಆಗ ಮುಖ ನೋಡಿದರು.

"ಸಾರ್, ಇದು ವಾಸಿ ಆಗುತ್ತಾ?"

ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳುವಷ್ಟು ಹತ್ತಿರಕ್ಕೆ ನಾನು ಯಾರನ್ನೂ ಬಿಟ್ಟಿರಲಿಲ್ಲ.

"ಇಲ್ಲಮ್ಮ. ವಾಸಿ ಆಗೋ ಕಾಯಿಲೆ ಅಲ್ಲ."

"ಮನೇಲಿ ಅಮ್ಮೋರಿಗೆ ಗೊತ್ತಾ?"

ನರದ ದೌರ್ಬಲ್ಯ ಅಂತಷ್ಟೇ ಹೇಳಿದ್ದೀನಿ ಎಂದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡರು.

"ಇಷ್ಟು ಹೊತ್ತಿಗೆ ಊರೆಲ್ಲ ಗೊತ್ತಾಗಿದೆ ಸಾರ್. ನಾಳೆ ಕೋಲಾರದ ಸಂತೆಗೆ ಹೋಗೋರು ಯಾರಾದ್ರೂ ಹೇಳ್ತಾರೆ. ಅದಕ್ಕೆ ಮುಂಚೆ ನೀವೇ ಹೇಳಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ವಾಕರಿಕೆ ಇರಲಿಲ್ಲ, ಬರೀ ಸುಸ್ತು. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದೆ, ಒಂದೂ ನಿಲ್ಲಲಿಲ್ಲ. ಹೆಂಡತಿ ಬಾಗಿಲು ತೆಗೆದವಳೇ ಅಂಗಿಯ ಮೇಲಿನ ಕಲೆ ನೋಡಿ ಏನಾಯ್ತು ರೀ ಎಂದಳು. ಕೂತ್ಕೋ, ಹೇಳ್ತೀನಿ ಎಂದೆ.

ಅವಳು ಕೂರಲಿಲ್ಲ. ನಿಂತೇ ಎಲ್ಲ ಕೇಳಿಸಿಕೊಂಡಳು.